ಕೂತವನೂ ಆಟಗಾರನೇ, ಮೇಷ್ಟ್ರೇ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಫಾರ್ಮುಲಾ ಒನ್ ಚಾಲಕರನ್ನು ದೊಡ್ಡ ಕ್ರೀಡಾಪಟುಗಳ ಸಾಲಿಗೆ ಸೇರಿಸಿದ್ದೀರಿ. ನಿವೃತ್ತಿಯಾಗುವವರೆಗೂ ಮಕ್ಕಳಿಗೆ ಕಬಡ್ಡಿ, ಓಟ ಕಲಿಸಿದವನು ನಾನು. ಓಡುವುದು ಕಾರು, ದಣಿಯುವುದು ಎಂಜಿನ್. ಸೀಟಿನಲ್ಲಿ ಕೂತವನು ಕ್ರೀಡಾಪಟು ಹೇಗಾಗುತ್ತಾನೆ? ಇನ್ನೊಂದು. ನನ್ನ ಮೊಮ್ಮಗ ಗೋಡೆ ತುಂಬ ಸೂಪರ್‌ಕಾರ್ ಚಿತ್ರ ಅಂಟಿಸಿದ್ದಾನೆ. ಜನ್ಮದಲ್ಲಿ ಕೊಳ್ಳಲಾಗದ ಕಾರಿನಲ್ಲಿ ಅಂಥದ್ದೇನಿದೆ? ಈಗ ಕಾರ್ಟಿಂಗ್ (ಪುಟ್ಟ ರೇಸ್ ಕಾರಿನ ಓಟ) ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾನೆ. ಏನು ಹೇಳಲಿ? (ನಿವೃತ್ತ ದೈಹಿಕ ಶಿಕ್ಷಕರು, ದಾವಣಗೆರೆ)

ಮೇಷ್ಟ್ರೇ, ನಮಸ್ಕಾರ.

‘ದಣಿಯುವುದು ಎಂಜಿನ್’ ಅಂದಿದ್ದೀರಿ. ನನ್ನ ತಕರಾರು ಆ ಮಾತಿನ ಮೇಲೇ ಇದೆ. ಅದಕ್ಕೆ 2001ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ.

ಫೋರ್ಟ್ ವರ್ತ್ ನಗರದ ಹತ್ತಿರ ಮೊಟ್ಟೆಯಾಕಾರದ ಒಂದು ಟ್ರ್ಯಾಕ್ ಇದೆ. ಆಗ ಅದರ ತಿರುವುಗಳು 24 ಡಿಗ್ರಿ ಓರೆಯಾಗಿದ್ದವು. ಏಪ್ರಿಲ್ ಕೊನೆಯಲ್ಲಿ ಅಲ್ಲಿ ಅಮೆರಿಕದ ಚಾಂಪ್ ಕಾರ್ ಸರಣಿಯ ರೇಸ್ ಇತ್ತು. ಅಭ್ಯಾಸದಲ್ಲಿ ಕಾರುಗಳು ಗಂಟೆಗೆ 370 ಕಿ.ಮೀ. ದಾಟಿದವು. ಒಂದು ಸುತ್ತು ಮುಗಿಯಲು 23 ಸೆಕೆಂಡೂ ಬೇಕಿರಲಿಲ್ಲ. ಆ ಹೊತ್ತಿನ ಬಹುಪಾಲು ತಿರುವಿನಲ್ಲೇ ಕಳೆಯುತ್ತಿತ್ತು. ಕಾರುಗಳು ಆ ವೇಗ ತಡೆದವು. ಆದರೆ ಇಳಿದು ಬಂದ ಚಾಲಕರಲ್ಲಿ ಹೆಚ್ಚಿನವರಿಗೆ ತಲೆ ಸುತ್ತುತ್ತಿತ್ತು. ಕೆಲವರಿಗೆ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ವೈದ್ಯರು ವಿಚಾರಿಸಿದರು. ಜನ ಬಂದು ಸೇರುತ್ತಿದ್ದ ದಿನವೇ ರೇಸ್ ರದ್ದಾಯಿತು. ಎಂಜಿನ್ ಕೆಡಲಿಲ್ಲ, ಟೈರ್ ಒಡೆಯಲಿಲ್ಲ, ಮಳೆಯೂ ಬರಲಿಲ್ಲ. ಮನುಷ್ಯನ ದೇಹ ಇನ್ನು ಆಗಲ್ಲ ಅಂದಿತು, ಅಷ್ಟೇ.

ಯಾಕೆ ಹೀಗಾಗುತ್ತದೆ ಅಂತ ನಿಮಗೆ ವಿವರಿಸುವುದು ಸುಲಭ. ನೀವು ದೇಹ ಬಲ್ಲವರು. ಸುಮ್ನೆ ನಿಂತಾಗ ನಮ್ಮ ಮೈಮೇಲೆ ಇರುವ ಭೂಮಿಯ ಎಳೆತವನ್ನು 1 ಜಿ ಅನ್ನುತ್ತಾರೆ. ಫಾರ್ಮುಲಾ ಒನ್ ಕಾರು ವೇಗದ ತಿರುವಿನಲ್ಲಿ 5 ಜಿವರೆಗೆ ಹೋಗುತ್ತದೆ, ಅದೂ ಪಕ್ಕಕ್ಕೆ. ತಲೆ ಮತ್ತು ಹೆಲ್ಮೆಟ್ ಸೇರಿ 6–7 ಕೆ.ಜಿ. ಇರುತ್ತದೆ. 5 ಜಿಯಲ್ಲಿ ಕುತ್ತಿಗೆ ತಡೆಯಬೇಕಾದ ಭಾರ 30 ಕೆ.ಜಿ. ದಾಟುತ್ತದೆ. ಒಂದು ತಿರುವಾದರೆ ಯಾರಾದರೂ ತಡೆದಾರು. ಆದರೆ ರೇಸಿನ ದೂರ 300 ಕಿ.ಮೀ.ಗಿಂತ ಜಾಸ್ತಿ, ಅವಧಿ ಸುಮಾರು ಒಂದೂವರೆ ಗಂಟೆ. ಪ್ರತಿ ಸುತ್ತಿನಲ್ಲೂ ಅದೇ ತಿರುವುಗಳು ಮತ್ತೆ ಮತ್ತೆ ಬರುತ್ತವೆ. ತಲೆ ವಾಲಿದರೆ ಕಣ್ಣೂ ವಾಲುತ್ತದೆ. ಕಣ್ಣು ವಾಲಿದರೆ ಮುಂದಿನ ತಿರುವಿನ ಅಂದಾಜು ತಪ್ಪುತ್ತದೆ.

ಇದರಲ್ಲಿ ನಿಮಗೆ ಇಷ್ಟವಾಗುವ ಒಂದು ಸಂಗತಿ ಇದೆ. ಹೆಚ್ಚಿನ ಟ್ರ್ಯಾಕ್‌ಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸಾಗುತ್ತವೆ. ಹಾಗಾಗಿ ಬಲ ತಿರುವುಗಳೇ ಜಾಸ್ತಿ. ಕುತ್ತಿಗೆಯ ಒಂದು ಬದಿಗೆ ಅದು ರೂಢಿಯಾಗಿರುತ್ತದೆ. ಬ್ರೆಜಿಲ್‌ನ ಇಂಟರ್‌ಲಾಗೋಸ್, ಟರ್ಕಿಯ ಇಸ್ತಾಂಬುಲ್ ಪಾರ್ಕ್‌ನಂಥ ಕಡೆ ದಿಕ್ಕು ಉಲ್ಟಾ. ಇಸ್ತಾಂಬುಲ್‌ನ ಎಂಟನೇ ತಿರುವು ಎಡಕ್ಕೆ ಉದ್ದಕ್ಕೂ ಎಳೆದುಕೊಂಡೇ ಹೋಗುತ್ತದೆ. ಅಲ್ಲಿ ಕುತ್ತಿಗೆಯ ಇನ್ನೊಂದು ಬದಿ ಕೆಲಸ ಮಾಡಬೇಕು. ರೇಸ್ ಮುಗಿಯುವ ಹೊತ್ತಿಗೆ ಕೆಲವರು ತಲೆಯನ್ನು ಕಾಕ್‌ಪಿಟ್‌ನ (ಚಾಲಕ ಕೂರುವ ಜಾಗದ) ಮೆತ್ತೆಗೆ ಆನಿಸಿಕೊಂಡೇ ಓಡಿಸಿದ್ದುಂಟು. ಅದಕ್ಕೇ ಇವರು ಕುತ್ತಿಗೆಗೆ ಪಟ್ಟಿ ಕಟ್ಟಿ, ತೂಕ ನೇತುಹಾಕಿ, ಮುಂದೆ, ಹಿಂದೆ, ಎರಡೂ ಪಕ್ಕಕ್ಕೆ ಎಳೆಸಿಕೊಂಡು ತಾಲೀಮು ಮಾಡುತ್ತಾರೆ.

ಉಸಿರಿನದು ಇನ್ನೊಂದು ಕಥೆ. ನಿಮ್ಮ ಹುಡುಗ ರೈಡಿಗೆ ಹೋದಾಗ ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತಾ, ಎದುರಿನವರ ಕಾಲು ಕೈ ಎಲ್ಲದರ ಮೇಲೂ ಕಣ್ಣಿಟ್ಟು, 30 ಸೆಕೆಂಡಿನೊಳಗೆ ಗೆರೆ ಮುಟ್ಟಿ ಬರಬೇಕು ಅಲ್ವಾ? ರೇಸಿಂಗ್ ಚಾಲಕನ ಕಷ್ಟವೂ ಅದೇ ಜಾತಿಯದು. ಜೋರಾದ ತಿರುವಿನಲ್ಲಿ ಎದೆ, ಹೊಟ್ಟೆ ಬಿಗಿ ಹಿಡಿಯಬೇಕು. ಆಗ ಸರಾಗವಾಗಿ ಉಸಿರಾಡಲು ಆಗಲ್ಲ. ತಿರುವು ದಾಟಿದ ಮೇಲೆ ನೇರ ದಾರಿಯಲ್ಲಿ ಉಸಿರು ಬಿಡಬೇಕು. ಸ್ನಾಯು ಕದಲುವುದೇ ಇಲ್ಲ, ಆದರೆ ಪೂರ್ತಿ ಬಿಗಿದುಕೊಂಡಿರುತ್ತದೆ. ಹೊರಗಿನಿಂದ ನೋಡುವವರಿಗೆ ಸುಮ್ನೆ ಕೂತಂತೆ ಕಾಣುವುದು ಇದೇ ಕಾರಣಕ್ಕೆ. ಒಳಗೆ ನಾಡಿ ಬಡಿತ ನಿಮಿಷಕ್ಕೆ 160–180ರ ಆಸುಪಾಸಿನಲ್ಲಿ ಇರುತ್ತದೆ.

ಬ್ರೇಕ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಇಟಲಿಯ ಮೋಂಜಾದಲ್ಲಿ ಗಂಟೆಗೆ 340 ಕಿ.ಮೀ. ಮೀರಿ ಬರುವ ಕಾರು ಮೊದಲ ತಿರುವಿಗೆ 100ಕ್ಕೂ ಕೆಳಗೆ ಇಳಿಯಬೇಕು. ಎಡಗಾಲಿನಿಂದ ಪೆಡಲ್ ಮೇಲೆ 100 ಕೆ.ಜಿ.ಗೂ ಮೀರಿದ ಒತ್ತಡ ಹಾಕಬೇಕು. ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ. ಒತ್ತಿದ್ದು ಜಾಸ್ತಿಯಾದರೆ ಚಕ್ರ ಕಚ್ಚಿಕೊಳ್ಳುತ್ತದೆ. ಒತ್ತುವಷ್ಟೇ ನಯವಾಗಿ ಕಾಲು ಸಡಿಲಿಸಲೂ ಗೊತ್ತಿರಬೇಕು. ಬಲ ಮತ್ತು ನಯ ಒಂದೇ ಕಾಲಿನಲ್ಲಿ ಇರಬೇಕು ಅಂತ ನೀವು ಎಷ್ಟು ಮಕ್ಕಳಿಗೆ ಹೇಳಿಲ್ಲ!

ಇನ್ನು ಬಿಸಿಲು. ಮೈಮೇಲೆ ಬೆಂಕಿ ತಡೆಯುವ ಬಟ್ಟೆ ಪದರ ಪದರವಾಗಿ ಇರುತ್ತದೆ. ಬೆನ್ನ ಹಿಂದೆಯೇ ಎಂಜಿನ್. ಕಾಕ್‌ಪಿಟ್ 50 ಡಿಗ್ರಿವರೆಗೂ ಕಾಯುತ್ತದೆ. ಸಿಂಗಪುರದಂಥ ರೇಸಿನಲ್ಲಿ ಒಬ್ಬ ಚಾಲಕ ಬೆವರಿನಲ್ಲೇ 2–3 ಕೆ.ಜಿ. ಕಳೆದುಕೊಳ್ಳುತ್ತಾನೆ. 2023ರ ಅಕ್ಟೋಬರ್ 8ರ ಕತಾರ್ ರೇಸನ್ನು ನೋಡಿದವರು ಮರೆಯಲಾರರು. ರಾತ್ರಿ ನಡೆದರೂ ಸೆಕೆ, ತೇವ ಎರಡೂ ವಿಪರೀತ ಇತ್ತು. ಸಾಲದ್ದಕ್ಕೆ ಒಂದು ಜೊತೆ ಟೈರಿನಲ್ಲಿ 18 ಸುತ್ತಿಗಿಂತ ಹೆಚ್ಚು ಓಡಿಸಬಾರದು ಅನ್ನುವ ಮಿತಿ ಹಾಕಿದ್ದರು. ಟೈರ್ ಉಳಿಸಿಕೊಳ್ಳುವ ಲೆಕ್ಕವೇ ಇಲ್ಲದ್ದರಿಂದ 57 ಸುತ್ತೂ ಪೂರ್ತಿ ವೇಗದಲ್ಲೇ ಹೋಗಬೇಕಾಯಿತು. ಎಸ್ತೆಬಾನ್ ಒಕಾನ್ ಹೆಲ್ಮೆಟ್ ಒಳಗೇ ವಾಂತಿ ಮಾಡಿಕೊಂಡರು. ಆಮೇಲೂ ನಲವತ್ತು ಸುತ್ತು ಓಡಿಸಿ ಏಳನೆಯವರಾಗಿ ಮುಗಿಸಿದರು. ಲೋಗನ್ ಸಾರ್ಜೆಂಟ್ ಅರ್ಧಕ್ಕೇ ನಿಲ್ಲಿಸಿದರು. ಅಲೆಕ್ಸ್ ಆಲ್ಬನ್ ಅವರಿಗೆ ವೈದ್ಯಕೀಯ ಕೇಂದ್ರದಲ್ಲಿ ಚಿಕಿತ್ಸೆ ಬೇಕಾಯಿತು. ನಿಲ್ಲಿಸಿದ ಸಾರ್ಜೆಂಟ್ ಬಗ್ಗೆ ನನಗೆ ಗೌರವ ಕಡಿಮೆ ಆಗಲಿಲ್ಲ. ಸೆಕೆಯಲ್ಲಿ ಮಕ್ಕಳನ್ನು ಓಡಿಸಿದ ನಿಮಗೆ ಅದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಈಗ 2025ರಿಂದ ನಿಯಮವೇ ಬಂದಿದೆ. ವಿಪರೀತ ಸೆಕೆ ಇರುತ್ತದೆ ಅನ್ನುವ ಮುನ್ಸೂಚನೆ ಇದ್ದರೆ ಚಾಲಕರಿಗೆ ತಂಪು ಕೊಡುವ ವ್ಯವಸ್ಥೆಯನ್ನು ಕಾರಿನಲ್ಲಿ ಅಳವಡಿಸಬೇಕು. ಇದು ಎಂದೋ ಬರಬೇಕಿತ್ತು.

ಮೊದಲಿನಿಂದಲೂ ಇವರೆಲ್ಲ ಇಷ್ಟು ಗಟ್ಟಿಯಾಗಿರಲಿಲ್ಲ. 1982ರಲ್ಲಿ ರಿಯೋದಲ್ಲಿ ಮೊದಲಿಗರಾಗಿ ಗೆರೆ ದಾಟಿದ ನೆಲ್ಸನ್ ಪಿಕೆ ವೇದಿಕೆಯ ಮೇಲೇ ಕುಸಿದರು. 1984ರಲ್ಲಿ ಡಲ್ಲಾಸ್‌ನ ಬಿಸಿಲಿನಲ್ಲಿ ನೈಜೆಲ್ ಮ್ಯಾನ್ಸೆಲ್ ಕೆಟ್ಟುಹೋದ ಕಾರನ್ನು ಗೆರೆ ದಾಟಿಸಲು ತಳ್ಳುತ್ತಾ ಮೂರ್ಛೆ ಹೋದರು. 1991ರಲ್ಲಿ ಐರ್ಟನ್ ಸೆನ್ನಾ ತವರಿನ ಇಂಟರ್‌ಲಾಗೋಸ್‌ನಲ್ಲಿ ಗೆದ್ದಾಗ ಕೊನೆಯ ಸುತ್ತುಗಳಲ್ಲಿ ಆರನೇ ಗೇರ್ ಒಂದೇ ಉಳಿದಿತ್ತು. ಅವರನ್ನು ಕಾರಿನಿಂದ ಇಳಿಸಲು ಬೇರೆಯವರ ಕೈ ಬೇಕಾಯಿತು. ಟ್ರೋಫಿ ಎತ್ತಲು ಒದ್ದಾಡಿದರು. ಸೆನ್ನಾ ಓಟ, ತಾಲೀಮನ್ನು ಗಂಭೀರವಾಗಿ ಹಚ್ಚಿಕೊಂಡವರು. ಅವರ ಗತಿಯೇ ಹಾಗಾಗಿತ್ತು. ಆಮೇಲೆ ಬಂದ ಮೈಕೆಲ್ ಶುಮಾಕರ್ ವ್ಯಾಯಾಮವನ್ನೂ ಕಾರಿನ ಕೆಲಸದಷ್ಟೇ ಮುಖ್ಯ ಮಾಡಿಕೊಂಡರು. ಉಳಿದವರು ಅವರ ಹಿಂದೆ ಓಡಲೇಬೇಕಾಯಿತು.

ನಮ್ಮ ಹುಡುಗನೊಬ್ಬನ ಮಾತೂ ಹೇಳಬೇಕು. ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೋದ ಬೀದಿಗಳಲ್ಲಿ ಫಾರ್ಮುಲಾ 2 (ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನದು) ಸ್ಪ್ರಿಂಟ್ ರೇಸ್, ಅಂದರೆ ಚಿಕ್ಕ ರೇಸ್, ಗೆದ್ದರು. ಫಾರ್ಮುಲಾ ಒನ್ ಕಾರಿಗೆ ಪವರ್ ಸ್ಟೀರಿಂಗ್ ಇದೆ, ಫಾರ್ಮುಲಾ 2 ಕಾರಿಗೆ ಇಲ್ಲ. ಎಡಬಲಕ್ಕೆ ಪುರಸೊತ್ತಿಲ್ಲದೆ ತಿರುಗಿಸುವ ಆ ಇಕ್ಕಟ್ಟಿನ ದಾರಿಯಲ್ಲಿ ಮುಂಗೈ, ಭುಜ ಎಷ್ಟು ಉರಿಯುತ್ತವೆ ಅಂತ ನೀವೇ ಊಹಿಸಿ. ನಮ್ಮ ಪತ್ರಿಕೆಗಳಲ್ಲಿ ಆ ಗೆಲುವಿಗೆ ಸಿಕ್ಕ ಜಾಗ ಸಾಲದು ಅನ್ನುವುದು ನನ್ನ ಅಭಿಪ್ರಾಯ.

ಆ ಫಾರ್ಮುಲಾ 2 ಕಾರನ್ನು ಮಾಡುವುದು ಇಟಲಿಯ ದಲ್ಲಾರಾ ಕಂಪನಿ. ಆ ಕಂಪನಿ ಕಟ್ಟಿದ ಜಾನ್‌ಪಾವ್ಲೊ ದಲ್ಲಾರಾ ಅವರಿಂದಲೇ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. 1960ರ ದಶಕದಲ್ಲಿ ಅವರು ಲ್ಯಾಂಬೊರ್ಗಿನಿಯಲ್ಲಿ ಎಂಜಿನಿಯರ್. ಜೊತೆಗಿದ್ದ ಪಾವ್ಲೊ ಸ್ಟಾಂಜಾನಿ, ಆಮೇಲೆ ಕಾರಿಗೆ ರೂಪ ಕೊಟ್ಟ, ಬರ್ಟೋನೆ ಎಂಬ ವಿನ್ಯಾಸ ಸಂಸ್ಥೆಯ ಮಾರ್ಚೆಲ್ಲೊ ಗಾಂದಿನಿ, ಯಾರಿಗೂ ಮೂವತ್ತು ತುಂಬಿರಲಿಲ್ಲ. ಹುಡುಗರಿಗೆ ರೇಸಿನ ಹುಚ್ಚು. ಯಜಮಾನ ಫೆರುಚ್ಚೊ ಲ್ಯಾಂಬೊರ್ಗಿನಿಗೆ ರೇಸ್ ಬೇಡವೇ ಬೇಡ. ರೇಸ್ ಕಾರು ಮಾಡಲು ಬಿಡದಿದ್ದರೆ ರಸ್ತೆಯ ಕಾರನ್ನೇ ರೇಸ್ ಕಾರಿನಂತೆ ಮಾಡೋಣ ಅಂತ ಹೊರಟರು. 12 ಸಿಲಿಂಡರ್ ಎಂಜಿನ್ನನ್ನು ಅಡ್ಡಡ್ಡ ತಿರುಗಿಸಿ ಸೀಟಿನ ಹಿಂದೆ ಕೂರಿಸಿದರು. 1966ರಲ್ಲಿ ಹೊರಬಂದ ಆ ಕಾರೇ ಮಿಯುರಾ. ಎತ್ತರ ಒಂದು ಮೀಟರಿಗಿಂತ ಒಂದಿಷ್ಟೇ ಜಾಸ್ತಿ. ಸೂಪರ್‌ಕಾರ್ ವಂಶ ಶುರುವಾಗುವುದು ಅಲ್ಲಿಂದ ಅಂತ ಹೆಚ್ಚಿನವರು ಒಪ್ಪುತ್ತಾರೆ.

ಅಂದರೆ ಸೂಪರ್‌ಕಾರಿನ ಮೂಲದಲ್ಲೇ ರೇಸಿನ ಆಸೆ ಇದೆ. ರೇಸಿಂಗ್ ಚಾಲಕ ಮೈಮುರಿದು ಪಡೆಯುವ ಅನುಭವದ ಒಂದು ಚೂರನ್ನು ಅದು ಸಾಮಾನ್ಯ ಮನುಷ್ಯನ ಮೈಗೆ ಮುಟ್ಟಿಸುತ್ತದೆ. ಚೂರೇ ಸರಿ. ರಸ್ತೆ ಟೈರಿನ ಒಳ್ಳೆಯ ಸೂಪರ್‌ಕಾರ್ ತಿರುವಿನಲ್ಲಿ 1 ಜಿಗಿಂತ ಸ್ವಲ್ಪ ಮೇಲೆ ಹೋದರೆ ಹೆಚ್ಚು. ಅಷ್ಟಕ್ಕೇ ಕೂತವರ ಎದೆ ಝಲ್ಲೆನ್ನುತ್ತದೆ.

ನನ್ನ ಮನಸ್ಸು ಗೆದ್ದ ಸೂಪರ್‌ಕಾರ್‌ಗಳು ಚಾಲಕನಿಂದ ಏನಾದರೂ ಬೇಡುವಂಥವು. 1987ರ ಫೆರಾರಿ ಎಫ್40 ನೋಡಿ. ಪವರ್ ಸ್ಟೀರಿಂಗ್ ಇಲ್ಲ, ಎಬಿಎಸ್ ಇಲ್ಲ, ರೇಡಿಯೋ ಇಲ್ಲ, ನೆಲಕ್ಕೆ ಕಾರ್ಪೆಟ್ ಇಲ್ಲ. ಒಳಗಿನಿಂದ ಬಾಗಿಲು ತೆಗೆಯಲು ಒಂದು ದಾರ ಎಳೆಯಬೇಕು. ಆದರೂ ಗಂಟೆಗೆ 320 ಕಿ.ಮೀ. ದಾಟುತ್ತಿತ್ತು. 1992ರ ಮೆಕ್ಲಾರೆನ್ ಎಫ್1 ಇನ್ನೂ ವಿಶೇಷ. ಚಾಲಕನ ಸೀಟು ನಟ್ಟನಡುವೆ, ರೇಸ್ ಕಾರಿನಲ್ಲಿ ಇದ್ದಂತೆ. ಅದನ್ನು ರೂಪಿಸಿದ್ದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಹುಟ್ಟಿದ ಗಾರ್ಡನ್ ಮರ್ರೆ. ರಿಯೋದಲ್ಲಿ ಪಿಕೆ ಓಡಿಸಿ ಸುಸ್ತಾಗಿ ಬಿದ್ದರಲ್ಲ, ಬ್ರಾಬಮ್ ತಂಡದ ಆ ಕಾರನ್ನು ರೂಪಿಸಿದ್ದೂ ಇವರೇ. ರೇಸ್ ಕಾರಿನೊಳಗಿನ ಮನುಷ್ಯ ಏನು ಅನುಭವಿಸುತ್ತಾನೆ ಅಂತ ಬಲ್ಲವರು. ಮೆಕ್ಲಾರೆನ್‌ಗೂ ಪವರ್ ಸ್ಟೀರಿಂಗ್ ಇಡಲಿಲ್ಲ. ಚಕ್ರ ರಸ್ತೆಯ ಮೇಲೆ ಏನು ಮಾಡುತ್ತಿದೆ ಅಂತ ಕೈಗೆ ಗೊತ್ತಾಗಬೇಕು ಅನ್ನುವುದು ಅವರ ಹಟ. 1998ರಲ್ಲಿ ಅದೇ ಕಾರು ಗಂಟೆಗೆ 386 ಕಿ.ಮೀ. ಮುಟ್ಟಿತು.

ಈಗಿನ ಕೆಲವು ಎಲೆಕ್ಟ್ರಿಕ್ ಸೂಪರ್‌ಕಾರ್‌ಗಳು ಎರಡು ಸೆಕೆಂಡಿನೊಳಗೆ 100 ಕಿ.ಮೀ. ವೇಗ ಮುಟ್ಟುತ್ತವೆ. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ದೊಡ್ಡದೇ. ಆದರೆ ಕಾಲು ಒತ್ತುವುದೊಂದೇ ಕೆಲಸವಾದರೆ ಕಾರಿಗೂ ಮನುಷ್ಯನಿಗೂ ನಡುವೆ ಏನೋ ಕಡಿಮೆಯಾಗುತ್ತದೆ ಅಂತ ನನಗೆ ಅನ್ನಿಸುತ್ತದೆ. ನಿಮ್ಮ ಮೊಮ್ಮಗ ಇದನ್ನು ಒಪ್ಪಲಿಕ್ಕಿಲ್ಲ. ಅವನ ಗೋಡೆಯ ಚಿತ್ರ ತೋರಿಸಿ ‘ಎಂಜಿನ್ ಎಲ್ಲಿದೆ? ಪಕ್ಕದಲ್ಲಿ ಈ ತೂತು ಯಾಕೆ? ಹಿಂದಿನ ರೆಕ್ಕೆ ಏನು ಮಾಡುತ್ತದೆ?’ ಅಂತ ಕೇಳಿ. ಉತ್ತರ ಹೇಳಿದರೆ ಆ ಚಿತ್ರ ಅವನಿಗೆ ಬರೀ ದುಡ್ಡಿನ ಆಸೆಯಲ್ಲ. ಹೇಳದಿದ್ದರೆ ಇಬ್ಬರೂ ಸೇರಿ ಹುಡುಕಿ.

ಕಾರ್ಟಿಂಗ್‌ಗೆ ಖಂಡಿತ ಕಳಿಸಿ. ರೇಸಿಂಗ್ ಚಾಲಕರು ಬಹುತೇಕ ಅಲ್ಲಿಂದಲೇ ಬಂದವರು. ಖರ್ಚಿನ ವಿಷಯ ಮಾತ್ರ ಮುಚ್ಚಿಡುವುದಿಲ್ಲ. ಮೋಜಿಗೆ ಒಂದಿಷ್ಟು ಸುತ್ತು ಹಾಕುವುದು ಕೈಗೆಟುಕುತ್ತದೆ. ಸ್ಪರ್ಧೆಗೆ ಇಳಿದರೆ ಟೈರು, ಎಂಜಿನ್, ಪ್ರಯಾಣ ಅಂತ ಮಧ್ಯಮ ವರ್ಗದ ಮನೆಗೆ ಭಾರವೇ. ಪ್ರಾಯೋಜಕರಿಲ್ಲದೆ ತುಂಬ ದೂರ ಹೋಗುವುದು ಕಷ್ಟ. ಅದನ್ನು ಅವನಿಗೂ ಈಗಲೇ ಹೇಳಿ, ಆಸೆ ಚಿವುಟದ ಹಾಗೆ. ರಸ್ತೆಯಲ್ಲಿ ವೇಗದ ಆಟ ಬೇಡ ಅನ್ನುವ ಮಾತನ್ನು ಮೊದಲ ದಿನವೇ ಗಟ್ಟಿ ಮಾಡಿಕೊಳ್ಳಿ. ಓಟ, ಹಗ್ಗದಾಟ, ಹೊಟ್ಟೆ ಬೆನ್ನಿನ ಕಸರತ್ತು, ಇವನ್ನೆಲ್ಲ ಕಲಿಸಲು ನಿಮಗಿಂತ ಒಳ್ಳೆಯವರು ಬೇಕಿಲ್ಲ. ಕುತ್ತಿಗೆಗೆ ತೂಕ ಕಟ್ಟುವ ತಾಲೀಮು ಮಾತ್ರ ಬೆಳೆಯುವ ಹುಡುಗನಿಗೆ ಮನೆಯಲ್ಲಿ ಬೇಡ. ಅದನ್ನು ಬಲ್ಲವರ ಕಣ್ಣೆದುರೇ ಮಾಡಬೇಕು.

ಮೊದಲ ಸಲ ಅವನನ್ನು ಕರೆದುಕೊಂಡು ಹೋದಾಗ, ವೈದ್ಯರು ಬೇಡ ಅನ್ನದಿದ್ದರೆ, ನೀವೂ ಒಂದು ಕಾರ್ಟ್‌ನಲ್ಲಿ ಕೂತು ನೋಡಿ. ಅದಕ್ಕೆ ಸಸ್ಪೆನ್ಷನ್ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ. ಹತ್ತು ನಿಮಿಷ ಸಾಕು. ಇಳಿದ ಮೇಲೆ ಯಾವ ಸ್ನಾಯು ನೋಯಿತು, ಉಸಿರು ಎಲ್ಲಿ ಹಿಡಿಯಿತು ಅಂತ ಒಬ್ಬ ದೈಹಿಕ ಶಿಕ್ಷಕರ ಕಣ್ಣಿನಿಂದ ಬರೆದು ಕಳಿಸಿ. ನನ್ನ ಮಾತು ಒಪ್ಪದಿದ್ದರೆ ಅದನ್ನೂ ಬರೆಯಿರಿ. ಎರಡು ಪುಟ ನಿಮಗಾಗಿ ಬಿಟ್ಟಿರುತ್ತೇವೆ.

ಸಂಪಾದಕ