ಓದಿದ, ಸಂಬಳ ತರುವ ಹೆಂಗಸರ ಮೇಲೂ ಮನೆಯಲ್ಲಿ ದೌರ್ಜನ್ಯ ನಡೆಯುತ್ತದಾ?

ಖಂಡಿತ ನಡೆಯುತ್ತದೆ. ದಾವಣಗೆರೆಯ ಮಂಡಿಪೇಟೆ ವ್ಯಾಪಾರಿಯ ಮನೆಯಲ್ಲೂ ನಡೆಯಬಹುದು, ವಿದ್ಯಾನಗರದ ಡಾಕ್ಟರ ಮನೆಯಲ್ಲೂ ನಡೆಯಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 44 ಮಂದಿ ಗಂಡನ ಹಿಂಸೆ ಅನುಭವಿಸಿದವರು. ಇಷ್ಟು ಜನ ಒಂದೇ ಜಾತಿ, ಒಂದೇ ಕೇರಿಯವರಾಗಿರಲು ಸಾಧ್ಯವಿಲ್ಲ ಅಲ್ವಾ?

ಅನುಕೂಲಸ್ಥರ ಮನೆಯಲ್ಲಿ ಅದು ಬೇಗ ಹೊರಗೆ ಕಾಣುವುದಿಲ್ಲ, ಅಷ್ಟೆ. ಟೀಚರಮ್ಮನ ಎಟಿಎಂ ಕಾರ್ಡ್ ಗಂಡನ ಜೇಬಿನಲ್ಲಿರುತ್ತದೆ. ಬಸ್ ಚಾರ್ಜಿಗೂ ಕೈ ಚಾಚಬೇಕು. ಏಪ್ರಿಲ್ ಬಿಸಿಲಲ್ಲೂ ತುಂಬು ತೋಳಿನ ರವಿಕೆ. "ಇಷ್ಟು ಓದಿದೀಯ, ಯಾಕೆ ಸುಮ್ನೆ ಸಹಿಸ್ಕೊಂಡೆ?" ಅಂದರೆ ಅವರು ಇನ್ನೊಮ್ಮೆ ಬಾಯಿ ಬಿಡುವುದಿಲ್ಲ. ದಯವಿಟ್ಟು ಹಾಗೆ ಕೇಳಬೇಡಿ.

ಮನೆಯೊಳಗಿನ ದೌರ್ಜನ್ಯದಿಂದ ಹೆಂಗಸರನ್ನು ರಕ್ಷಿಸುವ 2005ರ ಕಾಯ್ದೆ ಹಣ ಕಿತ್ತುಕೊಳ್ಳುವುದನ್ನೂ ದೌರ್ಜನ್ಯ ಎನ್ನುತ್ತದೆ. ತಾಯಿ, ತಂಗಿಗೂ ಅದರಲ್ಲಿ ರಕ್ಷಣೆ ಇದೆ. ಮಹಿಳಾ ಸಹಾಯವಾಣಿ 181, ತುರ್ತಿದ್ದರೆ 112.