ಕೀಲು ಸವೆದ ಲ್ಯಾಬ್ರಡಾರನ್ನು ಬೇರೆಯವರಿಗೆ ಕೊಡುವ ಮುನ್ನ

ಸರ್, ಉಡುಪಿ ಬಿಟ್ಟು ಹೋಗಬೇಕಾಗಿದೆ, 9 ವರ್ಷದ ಲ್ಯಾಬ್ರಡಾರ್ ನಾಯಿಗೆ ಸೊಂಟದ ಕೀಲು ಸವೆದಿದೆ, ನೋವಿನ ವಿಷಯ ಹೇಳದೆ ಯಾರಿಗಾದರೂ ಕೊಡಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಗೊತ್ತಿಲ್ಲದವರು ಕುಂಟುವುದನ್ನು ನೋಡಿ ಮನೆಯಲ್ಲಿದ್ದ, ಮನುಷ್ಯರು ನುಂಗುವ ನೋವಿನ ಮಾತ್ರೆ ಐಬುಪ್ರೊಫೇನೋ ಡೈಕ್ಲೋಫೆನಾಕೋ ಕೊಟ್ಟರೆ ನಾಯಿಗೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ, ಕಿಡ್ನಿ ಕೆಡುತ್ತದೆ. ಎತ್ತಲು ಹೋದಾಗ ನೋವಿಗೆ ಬಾಯಿ ಹಾಕಿತೋ, ಕಚ್ಚುವ ನಾಯಿ ಎಂದು ಬೀದಿಗೆ ಬಿಡುತ್ತಾರೆ.

ಮೊದಲು ನೋವು ಹತೋಟಿಗೆ ಬರುತ್ತದಾ ನೋಡಿ. ರಕ್ತಪರೀಕ್ಷೆಯಲ್ಲಿ ಕಿಡ್ನಿ, ಲಿವರ್ ಸರಿಯಿದ್ದರೆ ವೈದ್ಯರು ತೂಕಕ್ಕೆ ತಕ್ಕಂತೆ ನಾಯಿಗೆ ಕೊಡುವ ನೋವಿನ ಔಷಧ ಮೆಲಾಕ್ಸಿಕಾಂ ಅಥವಾ ಕಾರ್ಪ್ರೊಫೆನ್ ಬರೆಯುತ್ತಾರೆ. ಎರಡನ್ನೂ ಒಟ್ಟಿಗೆ ಕೊಡಬಾರದು, ಸ್ಟೀರಾಯ್ಡ್ ಜೊತೆಗಂತೂ ಬೇಡವೇ ಬೇಡ. ಸಾಲದಿದ್ದರೆ ಗ್ಯಾಬಪೆಂಟಿನ್ ಎಂಬ ನರನೋವಿನ ಔಷಧ ಸೇರಿಸುವುದುಂಟು. ದಪ್ಪಗಿದ್ದರೆ ತೂಕ ಇಳಿಸುವುದು ಮಾತ್ರೆಯಷ್ಟೇ ಮುಖ್ಯ. ನಮ್ಮ ಮಳೆಗಾಲದಲ್ಲಿ ಟೈಲ್ಸ್ ನೆಲ ಒದ್ದೆಯಾಗಿ ಹಿಂಗಾಲು ಜಾರುತ್ತದೆ. ಮಲಗುವ ಜಾಗದಿಂದ ಬಾಗಿಲವರೆಗೆ ರಬ್ಬರ್ ಮ್ಯಾಟ್ ಹಾಸಿ.

2–3 ವಾರದಲ್ಲಿ ತಾನಾಗಿ ಏಳುವುದು, ತಿನ್ನುವುದು, ನಿದ್ದೆ ಸರಿಯಾದರೆ ಮಾತ್ರ ಕೊಡುವ ಮಾತು. ಆಗ ಎಕ್ಸ್‌ರೇ, ಔಷಧ ಚೀಟಿ, ತಿಂಗಳ ಖರ್ಚು ಎಲ್ಲ ಮುಂದಿಡಿ. ಮೆಟ್ಟಿಲಿಲ್ಲದ ಮನೆಯೇ ಆಗಲಿ. ಆಗದಿದ್ದರೆ ವಾಪಸ್ ಕರೆದುಕೊಳ್ಳುತ್ತೇನೆ ಎಂದು ಬರೆದುಕೊಡಿ.

ಇಷ್ಟಾದರೂ ರಾತ್ರಿಯಿಡೀ ನರಳುತ್ತಿದ್ದರೆ, ಆಪರೇಷನ್ ಕೂಡ ಆಗದು ಎಂದು ವೈದ್ಯರು ಹೇಳಿದರೆ, ಹೊಸ ಮನೆ ಹುಡುಕಬೇಡಿ. ದಯಾಮರಣದ ಬಗ್ಗೆ ಅವರ ಹತ್ತಿರವೇ ಮಾತಾಡಿ, ಆ ಹೊತ್ತಿನಲ್ಲಿ ಅದರ ಪಕ್ಕ ನೀವೇ ಕೂತಿರಿ.