ಗುರುತ್ವಾಕರ್ಷಣೆಯೇ ಇಲ್ಲದ ಜಾಗ ಬಾಹ್ಯಾಕಾಶದಲ್ಲಿ ಎಲ್ಲಾದರೂ ಇದೆಯಾ?

ಬಾಹ್ಯಾಕಾಶ ನಿಲ್ದಾಣದಲ್ಲಿ ಜನ ತೇಲಾಡುತ್ತಾರೆ ಅಂದಮೇಲೆ ಅಲ್ಲಿ ಗುರುತ್ವ ಇಲ್ಲ ತಾನೇ, ಅಲ್ಲಿ ಇದ್ದರೂ ಇನ್ನಷ್ಟು ದೂರ ಹೋದರೆ ಇಲ್ಲದ ಜಾಗ ಸಿಗಬೇಕಲ್ಲ ಅಂತ ಕೇಳಿದ್ದೀರಿ.

ಸಿಗೋದಿಲ್ಲ. ನಾನು ವಿಜ್ಞಾನಿ ಅಲ್ಲ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ವರ್ಷಗಟ್ಟಲೆ ಕೇಜಿನಲ್ಲಿ ಇಳಿದು ಹತ್ತಿದವನು. ಕೇಜು ಅಂದರೆ ಆಳುಗಳನ್ನು ಇಳಿಸುವ ಲಿಫ್ಟು. ಅದು ಕೆಳಗೆ ಜಾರತೊಡಗಿದ ಮೊದಲ ಗಳಿಗೆಯಲ್ಲಿ ಹೊಟ್ಟೆಯೊಳಗೆ ಜುಮ್ಮೆನ್ನುತ್ತದೆ, ಮೈ ಹಗುರಾಗುತ್ತದೆ. ಆಗ ತೂಕದ ಯಂತ್ರದ ಮೇಲೆ ನಿಂತಿದ್ದರೆ ಮುಳ್ಳು ಇಳಿಯುತ್ತಿತ್ತು. ಹಾಗಂತ ಭೂಮಿ ನನ್ನನ್ನು ಸೆಳೆಯುವುದನ್ನು ಕಡಿಮೆ ಮಾಡಿತೇ? ಇಲ್ಲ. ಕಾಲ ಕೆಳಗಿನ ತಗಡೂ ನನ್ನ ಜೊತೆ ಕೆಳಗೆ ಹೊರಟಿತ್ತು, ಅಷ್ಟೇ. ಹಗ್ಗವೇ ಹರಿದರೆ (ಆ ಮಾತು ಬೇಡ ಬಿಡಿ) ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತದೆ.

ನಿಲ್ದಾಣದಲ್ಲಿ ಆಗುತ್ತಿರುವುದು ಅದೇ. ಅದು ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ, ಹೆಚ್ಚುಕಮ್ಮಿ ರಾಯಚೂರಿಂದ ಬೆಂಗಳೂರಿನ ದೂರ. ಅಷ್ಟು ಎತ್ತರದ ಏಣಿ ಹಾಕಿ ತುದಿಯಲ್ಲಿ ತೂಕ ಮಾಡಿಸಿದರೆ, ಇಲ್ಲಿ 60 ಕಿಲೋ ತೂಗುವವರು ಅಲ್ಲಿ 53 ತೂಗುತ್ತಾರೆ. ಸೆಳೆತ ಎಲ್ಲಿಗೂ ಹೋಗಿಲ್ಲ. ಆದರೆ ನಿಲ್ದಾಣ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಅಡ್ಡಕ್ಕೆ ಓಡುತ್ತಲೇ ಬೀಳುತ್ತಿರುತ್ತದೆ. ಅದು ಬಿದ್ದಷ್ಟೂ ಕೆಳಗಿನ ಭೂಮಿ ಬಾಗಿಕೊಂಡು ಹೋಗುವುದರಿಂದ ನೆಲ ಮುಟ್ಟುವುದೇ ಇಲ್ಲ. 2025ರಲ್ಲಿ ನಮ್ಮ ಶುಭಾಂಶು ಶುಕ್ಲಾ ಅಲ್ಲಿದ್ದಷ್ಟು ದಿನವೂ ಬೀಳುತ್ತಲೇ ಇದ್ದರು.

ನಂಬಿಕೆ ಬರದಿದ್ದರೆ ಒಂದು ನೀರಿನ ಬಾಟ್ಲಿಯ ತಳದ ಹತ್ತಿರ ತೂತು ಹಾಕಿ, ಮುಚ್ಚಳ ತೆಗೆದು, ಮಾಳಿಗೆ ಮೇಲಿಂದ ಕೈಬಿಡಿ. ಕೈಯಲ್ಲಿದ್ದಾಗ ಚಿರ್ರನೆ ಹಾರುತ್ತಿದ್ದ ನೀರು, ಬಾಟ್ಲಿ ಬೀಳುತ್ತಿರುವಷ್ಟು ಹೊತ್ತು ನಿಂತುಬಿಡುತ್ತದೆ. ಕೆಳಗೆ ಯಾರೂ ಇಲ್ಲ ಅಂತ ಮೊದಲು ನೋಡಿಕೊಳ್ಳಿ.

ಇನ್ನು ದೂರದ ಮಾತು. ಭೂಮಿಯ ನಡುಮಧ್ಯದಿಂದ ಅಳೆದ ದೂರ ಎರಡು ಪಟ್ಟಾದರೆ ಸೆಳೆತ ಕಾಲು ಭಾಗ, ಹತ್ತು ಪಟ್ಟಾದರೆ ನೂರರಲ್ಲಿ ಒಂದು ಭಾಗ. ಭಾಗಿಸುತ್ತಾ ಹೋದರೆ ಸಣ್ಣದಾಗುತ್ತದೆ, ಸೊನ್ನೆ ಆಗೋದಿಲ್ಲ. ಚಂದ್ರನ ದಾರಿಯಲ್ಲಿ ಸುಮಾರು 3,46,000 ಕಿ.ಮೀ. ಹೋದರೆ ಭೂಮಿ, ಚಂದ್ರ ಎರಡರ ಸೆಳೆತವೂ ಸಮ ಆಗುವ ಒಂದು ಜಾಗ ಇದೆ. ಸಿಕ್ಕಿತು ಅಂದುಕೊಳ್ಳಬೇಡಿ. ಹಗ್ಗ ಜಗ್ಗಾಟದಲ್ಲಿ ನಡುವಿನ ಗಂಟು ಅಲ್ಲಾಡದೆ ನಿಂತರೆ ಯಾರೂ ಜಗ್ಗುತ್ತಿಲ್ಲ ಅಂತಲ್ಲವಲ್ಲ. ಸಾಲದ್ದಕ್ಕೆ ಅಲ್ಲಿ ಸೂರ್ಯನ ಸೆಳೆತ ಭೂಮಿಯದಕ್ಕಿಂತ ಒಂದೂಮುಕ್ಕಾಲು ಪಟ್ಟು ಇರುತ್ತದೆ. ಇಸ್ರೋದ ಆದಿತ್ಯ-ಎಲ್1 ಸುತ್ತುತ್ತಿರುವ, ಭೂಮಿಯಿಂದ ಸೂರ್ಯನ ದಿಕ್ಕಿನಲ್ಲಿ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವೂ ಗುರುತ್ವ ಇಲ್ಲದ ಜಾಗವಲ್ಲ. ಸೂರ್ಯ, ಭೂಮಿಗಳ ಸೆಳೆತ ಕೂಡಿ, ಆ ನೌಕೆ ಭೂಮಿಯ ಜೊತೆಯಲ್ಲೇ ವರ್ಷಕ್ಕೊಂದು ಸುತ್ತು ಹಾಕುವಂತೆ ಮಾಡುತ್ತವೆ.

ಸೂರ್ಯನನ್ನೂ ಬಿಟ್ಟು ಹೋದರೆ ಆಕಾಶಗಂಗೆ ಬಿಡೋದಿಲ್ಲ. ಅದನ್ನೂ ದಾಟಿದರೆ ಆಂಡ್ರೊಮಿಡಾ ಅನ್ನೋ ಇನ್ನೊಂದು ಗ್ಯಾಲಕ್ಸಿ ಇದೆ. 25 ಲಕ್ಷ ಜ್ಯೋತಿರ್ವರ್ಷ ದೂರವಿದ್ದರೂ ಅದೂ ನಮ್ಮ ಆಕಾಶಗಂಗೆಯೂ ಒಂದನ್ನೊಂದು ಎಳೆದುಕೊಳ್ಳುತ್ತಿವೆ.

ಹೊರಗೆ ಬೇಡ, ಕೆಳಗೆ ಹೋದರೆ? ಆಳಕ್ಕೆ ಇಳಿದರೆ ತೂಕ ಕಮ್ಮಿ ಆಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ತಪ್ಪು. ಮೇಲಿನ ಕಲ್ಲು ಹಗುರ, ಒಳಗಿನ ಕಬ್ಬಿಣದ ತಿರುಳು ಭಾರ. ಹಾಗಾಗಿ ನಮ್ಮ ಗಣಿಯ ಆಳದಲ್ಲಿ ತೂಕ ಕೂದಲೆಳೆಯಷ್ಟು ಜಾಸ್ತಿಯೇ ಆಗುತ್ತದೆ. ತಿರುಳಿನ ಅಂಚು ದಾಟಿದ ಮೇಲೆ, ಅಂದರೆ 2,900 ಕಿ.ಮೀ. ಆಚೆ, ಅದು ಇಳಿಯುತ್ತಾ ಹೋಗಿ ನಡುಮಧ್ಯದಲ್ಲಿ ಭೂಮಿಯ ಸೆಳೆತ ಎಲ್ಲ ದಿಕ್ಕಿನಿಂದಲೂ ಸರಿಹೋಗಿ ಸೊನ್ನೆಯಾಗುತ್ತದೆ. ಸೂರ್ಯ, ಚಂದ್ರರ ಸೆಳೆತ ಅಲ್ಲೂ ಇದ್ದೇ ಇರುತ್ತದೆ.